ಡಬ್ಬಿಯೊಳಗಿನ ಕೊರ್ರಮೀನು

ವೀರಭದ್ರಪ್ಪ ಮಾಸ್ತರು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಶಾಲೆಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ, ನಿವೃತ್ತರಾಗಿ ಹೈದರಾಬಾದಿನ ಲಿಂಗಂಪಲ್ಲಿಯಲ್ಲಿದ್ದಾರೆ. ಹಣೆಯ ವಿಭೂತಿ ಒಂದು ದಿನವೂ ತಪ್ಪಿದ್ದಿಲ್ಲ. ಪಕ್ಕದ ತಟ್ಟೆಯಲ್ಲಿ ಮೊಟ್ಟೆ ಕಂಡರೂ ಎದ್ದು ಹೋಗುವ ಸಮಾಜ ಅವರದು. ಹನ್ನೊಂದು ವರ್ಷದಿಂದ ಆ ಸಮಾಜದ ಸಂಘಕ್ಕೆ ಅಧ್ಯಕ್ಷರಾಗಬೇಕೆಂದು ಒದ್ದಾಡುತ್ತಿದ್ದರು. ಈ ಸಲ ಕುರ್ಚಿ ಕೈಗೆಟುಕುವಷ್ಟು ಹತ್ತಿರ ಬಂದಿತ್ತು.

ಅವರಿಗೆ ಇದ್ದದ್ದು ಒಂದೇ ಗುಟ್ಟು. ಮೃಗಶಿರಾ ನಕ್ಷತ್ರ ಆರಂಭವಾಗುವ ದಿನ ಹೈದರಾಬಾದಿನಲ್ಲಿ ಊರಿಗೆ ಊರೇ ಮೀನು ತಿನ್ನುತ್ತದೆ. ಮಾಸ್ತರೂ ಅದೊಂದು ದಿನ, ಉಬ್ಬಸಕ್ಕೆ ಔಷಧಿಯೆಂದು ಹೇಳಿಕೊಂಡು, ಪಕ್ಕದ ಮನೆಯಲ್ಲಿ ಮಾಡಿಸಿ ತಿನ್ನುತ್ತಾರೆ. ಔಷಧಿಯನ್ನು ಯಾರೂ ಹಾಗೆ ಬೆರಳು ನೆಕ್ಕಿ ತಿನ್ನುವುದಿಲ್ಲ, ಇರಲಿ.

ಈ ಜೂನಿನಲ್ಲಿ ಆ ದಿನ ಮಾರ್ಕೆಟ್ಟಿನಲ್ಲಿ ಜೀವಂತ ಕೊರ್ರಮೀನು ಕೊಯ್ಯಿಸಿ, ಉಪ್ಪು ಹಾಕಿಸಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ನಾಂಪಲ್ಲಿಯಲ್ಲಿ ಲೋಕಲ್ ರೈಲು ಹತ್ತಿದರು. ಎದುರಿಗೆ, ಸುಲ್ತಾನ್ ಬಜಾರಿನ ಸೀರೆಗಂಟಿನೊಡನೆ, ಗದಿಗೆಮ್ಮ. ಸಂಘದ ಹಿರಿಯರು, ಅವರು ಬೇಡವೆಂದವರು ಅಧ್ಯಕ್ಷರಾದದ್ದಿಲ್ಲ. ಮಾಸ್ತರು ನಮಸ್ಕರಿಸುತ್ತಿದ್ದಂತೆ ತೊಡೆಯ ಮೇಲಿನ ಡಬ್ಬಿ ಟಕಟಕ ಅಂದಿತು.

ಯಾಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪ್ರಾಣಿ ಸತ್ತ ಕೂಡಲೇ ಅದರ ಮಾಂಸಖಂಡ ಸಾಯುವುದಿಲ್ಲ. ಒಳಗೆ ಸ್ವಲ್ಪ ಶಕ್ತಿ ಉಳಿದಿರುತ್ತದೆ. ಉಪ್ಪು ತಾಗಿದರೆ ನರ ಕೆರಳಿ, ತಲೆಯ ಅಪ್ಪಣೆಯಿಲ್ಲದೆ ತುಂಡೂ ಕುಣಿಯುತ್ತದೆ. ಮಕ್ಕಳಿಗೆ ಎಷ್ಟು ಸಲ ಹೇಳಿದ್ದರೋ. ಈಗ ಹೇಳಿದರೆ ಕುರ್ಚಿ ಹೋಯಿತು.

“ಡಬ್ಬ್ಯಾಗ ಏನೈತ್ರಿ ಮಾಸ್ತರ?” ಎಂದರು ಗದಿಗೆಮ್ಮ.

“ಮೀನ್ರಿ ಅಮ್ಮಾರ. ಜೀವಂತ ಅದಾವ. ಕೊಲ್ಲಾಕತ್ತಿದ್ರು, ಬಿಡಿಸ್ಕೊಂಡು ಬಂದೆ.”

ಗದಿಗೆಮ್ಮನ ಕಣ್ಣು ಒದ್ದೆಯಾಯಿತು. “ಭಾಳ ಪುಣ್ಯದ ಕೆಲಸ ಮಾಡೀರಿ. ಮತ್ತ ಮನಿಗ್ಯಾಕ ಒಯ್ತೀರಿ? ನೆಕ್ಲೆಸ್ ರೋಡ್ ಬಂತು, ಇಳೀರಿ. ಕೆರಿಗೆ ಬಿಡೂಣು.”

ಹುಸೇನ್ ಸಾಗರದ ದಂಡೆಯಲ್ಲಿ ಮಾಸ್ತರು ಬೆನ್ನು ತಿರುಗಿಸಿ ಡಬ್ಬಿ ಬಗ್ಗಿಸಿದರು. ಕಣ್ಣಿಗೆ ಪೊರೆ ಬಂದಿದ್ದ ಗದಿಗೆಮ್ಮನಿಗೆ ತುಂಡುಗಳು ಕಾಣಲಿಲ್ಲ, ನೀರಿಗೆ ಎಂಟು ಸಲ ಬಿದ್ದ ಸದ್ದು ಕೇಳಿತು. “ಎಂಟು ಜೀವ ಉಳಿಸಿದ್ರಿ” ಎಂದು ಅವರು ಕೈಮುಗಿದಾಗ ಮಾಸ್ತರಿಗೆ ನಿಜಕ್ಕೂ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಒಳ್ಳೆಯ ನಡುತುಂಡುಗಳೇ ಹೋಗಿದ್ದವು.

ಆ ಭಾನುವಾರ ಅವರು ಅವಿರೋಧವಾಗಿ ಅಧ್ಯಕ್ಷರಾದರು. ಗದಿಗೆಮ್ಮ ಮೊದಲ ಠರಾವು ಮುಂದಿಟ್ಟರು: ಪ್ರತಿ ವರ್ಷ ಮೃಗಶಿರಾ ದಿನ ಇಡೀ ಸಂಘ ಬಸ್ಸು ಮಾಡಿಕೊಂಡು ಮೀನು ಮಾರ್ಕೆಟ್ಟಿಗೆ ಹೋಗುವುದು, ಅಧ್ಯಕ್ಷರು ತಮ್ಮ ಕೈಯಾರೆ ಕೊರ್ರಮೀನು ಬಿಡಿಸಿ ಕೆರೆಗೆ ಬಿಡುವುದು, ದಿನವಿಡೀ ಎಲ್ಲರ ಕಣ್ಣೆದುರು ಉಪವಾಸವಿರುವುದು. ಚಪ್ಪಾಳೆ ನಿಲ್ಲುವ ಮೊದಲೇ ಪುಸ್ತಕ ಮುಂದೆ ಬಂತು, ಮಾಸ್ತರು ಸಹಿ ಹಾಕಬೇಕಾಯಿತು.