ನಮ್ಮ ಅಟ್ಟದ ಕಾಫಿಗೆ ನಾನು ಕೊಟ್ಟ ತೀರ್ಪು

ವಕೀಲಿಕೆ ಬಿಟ್ಟು ಕಾಫಿ ರುಚಿ ನೋಡುವ ಕೆಲಸಕ್ಕೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಮೊದಲು ಬಾಯಿ ತೆರೆದದ್ದು ಸೋದರತ್ತೆ.

“ಕುಡ್ದು ಉಗುಳೋಕೆ ಸಂಬಳ ಕೊಡ್ತಾರೇನೇ?”

“ಕೊಡ್ತಾರೆ ಅತ್ತೆ.”

“ಹಂಗಾದ್ರೆ ನಿಮ್ಮಾವಂಗೂ ಒಂದು ಕೆಲ್ಸ ಕೊಡ್ಸು. ಎಲೆ ಅಡಿಕೆ ಹಾಕ್ಕಂಡು ಜಗಲೀಲಿ ಅದನ್ನೇ ಮಾಡ್ತಾ ಕೂತವ್ರೆ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಪ್ಪ ಮಾತ್ರ ನಗಲಿಲ್ಲ. ಸೋಮವಾರಪೇಟೆ ಕಡೆಯ ನಮ್ಮ ಊರಿನಲ್ಲಿ ಕರಿ ಕೋಟು ಹಾಕಿದ ಮೊದಲ ಹೆಣ್ಣು ನಾನು. ತೋಟದ ಗೇಟಿನ ಮೇಲೆ ‘ವಕೀಲರು’ ಎಂಬ ಬೋರ್ಡನ್ನು ಅಪ್ಪ ತಾವೇ ಬರೆಸಿ ಹಾಕಿಸಿದ್ದರು. ನಾನು ಕೋರ್ಟು ಬಿಟ್ಟ ಮೇಲೂ ಅದನ್ನು ತೆಗೆಯಲಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ, “ಮಗಳು ಮಡಿಕೇರೀಲಿ ಲಾಯರ್” ಎಂದೇ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತಿದ್ದರೆ, “ಅಲ್ಲ, ಕಾಫಿ ಟೇಸ್ಟರ್” ಎಂದು ತಿದ್ದುತ್ತಿದ್ದೆ. ಸುಮ್ಮನಿರು ಎಂದು ಅಮ್ಮ ಕೈ ಚಿವುಟುತ್ತಿದ್ದರು. ಯಾಕೆ ಸುಮ್ಮನಿರಬೇಕು?

ಕೋರ್ಟಿನಲ್ಲಿ ನಾನು ಸೋತು ಬಿಟ್ಟವಳಲ್ಲ. ನನ್ನ ಹತ್ತಿರ ಬರುತ್ತಿದ್ದುದು ಬಹುಪಾಲು ಅಣ್ಣತಮ್ಮಂದಿರ ಭಾಗದ ಕೇಸುಗಳು. ಬೇಲಿಯನ್ನು ಯಾರು ಯಾವ ಕಡೆಗೆ ಸರಿಸಿದ್ದಾರೆ ಎಂಬುದು ತೋಟಕ್ಕೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತಿತ್ತು. ಆದರೂ ವಕಾಲತ್ತು ಕೊಟ್ಟವರ ಪರವಾಗಿ ಮಾತಾಡಬೇಕು, ಮಾತಾಡುತ್ತಿದ್ದೆ, ಚೆನ್ನಾಗಿಯೇ ಮಾತಾಡುತ್ತಿದ್ದೆ. ಆ ಚೆನ್ನಾಗಿ ಮಾತಾಡುವುದೇ ನನಗೆ ಹೇಸಿಗೆಯಾಗತೊಡಗಿತ್ತು.

ಅಂಥ ದಿನಗಳಲ್ಲೇ ಒಂದು ಕೇಸಿನ ವಿಷಯವಾಗಿ ಕುಶಾಲನಗರದ ಹತ್ತಿರದ ಕ್ಯೂರಿಂಗ್ ವರ್ಕ್ಸ್ ಒಂದಕ್ಕೆ ಹೋದೆ. ತೋಟಗಳಿಂದ ಬಂದ ಕಾಫಿಯನ್ನು ಸಿಪ್ಪೆ ತೆಗೆದು ವಿಂಗಡಿಸುವ ಜಾಗ ಅದು. ಒಳಗಿನ ಕೋಣೆಯಲ್ಲಿ ಸಾಲಾಗಿ ಕಪ್ಪುಗಳನ್ನಿಟ್ಟುಕೊಂಡು ಹಿರಿಯರೊಬ್ಬರು ಚಮಚದಿಂದ ಸೊರ್ರೆಂದು ಹೀರಿ ಉಗುಳುತ್ತಿದ್ದರು. ನಾನು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದುದನ್ನು ಕಂಡು ನನ್ನ ಕೈಗೂ ಒಂದು ಚಮಚ ಕೊಟ್ಟರು. ಹಾಲಿಲ್ಲ, ಬೆಲ್ಲವಿಲ್ಲ, ಚಿಕೋರಿ ಇಲ್ಲ. ಬಾಯಿ ತುಂಬ ಕಿತ್ತಳೆ ಸಿಪ್ಪೆಯ ಘಮ. ನನಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವಳು ನಾನು. ಆದರೆ ನಮ್ಮಲ್ಲಿ ಒಳ್ಳೆಯ ಬೀಜವೆಲ್ಲ ಮಾರಾಟಕ್ಕೆ. ನೀರಿನಲ್ಲಿ ತೇಲಿದ್ದು, ಹುಳ ಕೊರೆದದ್ದು, ಗಿಡದ ಬುಡದಲ್ಲಿ ಆರಿಸಿದ್ದು ಮನೆ ಬಳಕೆಗೆ. ತಲೆಮಾರುಗಳಿಂದ ಕಸ ಕುಡಿದು, ನಮ್ಮ ಕಾಫಿಯಂಥ ಕಾಫಿ ಇಲ್ಲ ಎಂದು ಮೀಸೆ ತಿರುವಿದವರು ನಾವು. ಇನ್ನು ನನಗೆ ಬೇರೆ ಕೆಲಸ ಬೇಡ ಎಂದು ಅಲ್ಲೇ ಅನ್ನಿಸಿಬಿಟ್ಟಿತು.

ಕಲಿಯಲು ವರ್ಷಗಳೇ ಹಿಡಿದವು. ಬೆಳ್ಳುಳ್ಳಿ ಉಪ್ಪಿನಕಾಯಿ ಬಿಟ್ಟೆ, ಮಲ್ಲಿಗೆ ಮುಡಿಯುವುದನ್ನು ಬಿಟ್ಟೆ. ಮನೆಯವರ ವಾಟ್ಸ್ಯಾಪ್ ಗ್ರೂಪಿನಲ್ಲಿ ‘ಉಗುಳು ಲಾಯರ್’ ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ. ಆ ಹಿರಿಯರು ನಿವೃತ್ತರಾದಾಗ ಅವರ ಜಾಗ ನನಗೆ ಸಿಕ್ಕಿತು. ಬೆಳೆಗಾರರು ಕಳಿಸುವ ಸ್ಯಾಂಪಲ್ ಹೀರಿ ನೋಡಿ, ಯಾವ ಲಾಟನ್ನು ವಿಶೇಷ ಕಾಫಿಯೆಂದು ಬೇರೆಯಾಗಿ ಕಳಿಸಬೇಕು, ಯಾವುದನ್ನು ಮಾಮೂಲಿ ರಾಶಿಗೆ ಸೇರಿಸಬೇಕು ಎಂದು ನಾನು ಹೇಳಿದ್ದೇ ಕೊನೆ.

ಅಪ್ಪನೂ ಸ್ಯಾಂಪಲ್ ಕಳಿಸಿದ್ದರಂತೆ, ನನಗೆ ಹೇಳಿರಲಿಲ್ಲ. ಕಪ್ಪುಗಳ ಮೇಲೆ ಬೆಳೆಗಾರರ ಹೆಸರಿರುವುದಿಲ್ಲ, ನಂಬರು ಮಾತ್ರ. ಆ ಬೆಳಿಗ್ಗೆ ಒಂದು ಕಪ್ಪಿನ ಮೇಲೆ ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಕಾಫಿಯ ಹಿಂದೆ ಹೊಗೆ. ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಮರದ ಒದ್ದೆ ಸೌದೆಯ ಹೊಗೆ. ಅದು ನಮ್ಮ ಅಡುಗೆಮನೆ! ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ನಮ್ಮ ಮನೆಯಲ್ಲಿ ಮೂಟೆಗಳು ಒಲೆಯ ನೇರ ಮೇಲಿನ ಅಟ್ಟಕ್ಕೆ ಹೋಗುತ್ತವೆ. ಮುತ್ತಜ್ಜನ ಕಾಲದ ಪದ್ಧತಿ. “ನಮ್ ಅಟ್ಟದ ಕಾಫಿ ಬೂಸ್ಟು ಹಿಡಿಯಲ್ಲ” ಎಂಬುದು ಅಪ್ಪನ ಹೆಮ್ಮೆ. ಬೂಸ್ಟೇನೋ ಹಿಡಿಯುವುದಿಲ್ಲ. ಆದರೆ ಇಡೀ ಅಡುಗೆಮನೆ ಬೀಜದೊಳಗೆ ಇಳಿದು ಕೂತಿರುತ್ತದೆ.

ಕೋಣೆಯಲ್ಲಿ ನಾನೊಬ್ಬಳೇ. ಪಾಸು ಮಾಡಿದ್ದರೆ ಕೇಳುವವರಿರಲಿಲ್ಲ. ಊರಿನ ಮುಂದೆ ಅಪ್ಪ ತಲೆ ಎತ್ತಿ ನಡೆಯುವಂತಾಗುತ್ತಿತ್ತು, ನನ್ನ ಕೆಲಸಕ್ಕೂ ಮನೆಯಲ್ಲಿ ಮರ್ಯಾದೆ ಸಿಗುತ್ತಿತ್ತು. ಇನ್ನೊಮ್ಮೆ ಹೀರಿದೆ. ಹೊಗೆ ಹೊಗೆಯೇ. ಮಾಮೂಲಿ ರಾಶಿಗೆ ಎಂದು ಬರೆದೆ.

ಭಾನುವಾರ ಊರಿಗೆ ಹೋಗಿ ನಾನೇ ಹೇಳಿದೆ. ಬೇರೆಯವರ ಬಾಯಿಂದ ಅಪ್ಪನಿಗೆ ತಿಳಿಯುವುದು ನನಗೆ ಬೇಕಿರಲಿಲ್ಲ. ಮೂಟೆ ಅಟ್ಟದಿಂದ ಇಳಿಸಿ ಎಂದೂ ಹೇಳಿದೆ. ಅಪ್ಪನ ಮುಖ ಕೆಂಪಾಯಿತು.

“ನಮ್ದು ಅಂತ ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು.”

“ಗೊತ್ತಿದ್ದೂ ಹಿಂಗ್ ಮಾಡ್ದ್ಯಾ? ಲಾಯರಾಗೇ ಇದ್ದಿದ್ರೆ ನಮ್ ಪರ ಒಂದ್ ಮಾತಾಡಿರ್ತಿದ್ದೆ ಅಲ್ವೇನವ್ವಾ?”

“ಮಾತಾಡಿರ್ತಿದ್ದೆ ಅಪ್ಪ. ಅದಕ್ಕೇ ಬಿಟ್ಟಿದ್ದು.”

ಅಪ್ಪ ಎದ್ದು ತೋಟಕ್ಕೆ ಹೋದರು. ಆ ವರ್ಷವಿಡೀ ನನ್ನ ಹತ್ತಿರ ಅಗತ್ಯವಿದ್ದಷ್ಟೇ ಮಾತು. ನಾನೂ ಕ್ಷಮೆ ಕೇಳಲಿಲ್ಲ, ಕೇಳುವಂಥದ್ದೇನನ್ನೂ ಮಾಡಿರಲಿಲ್ಲ. ಮೂಟೆಗಳನ್ನು ಅವರು ಇಳಿಸಲೂ ಇಲ್ಲ. ನನಗೆ ಈ ಹಟ ಎಲ್ಲಿಂದ ಬಂತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಮುಂದಿನ ಕೊಯ್ಲು ಮುಗಿದ ಮೇಲೆ ಚಿಕ್ಕಪ್ಪ ಸ್ಯಾಂಪಲ್ ಚೀಲ ಹಿಡಿದು ಮನೆಗೆ ಬಂದರು. ನಾನು ಒಳಗೆ ಅಮ್ಮನ ಜೊತೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ.

“ಅಣ್ಣಾ, ಮಗಳಿಗೆ ನೀನೊಂದ್ ಮಾತ್ ಹೇಳಿದ್ರೆ ಆಯ್ತು ಕಣಣ್ಣಾ,” ಎಂದರು ಚಿಕ್ಕಪ್ಪ ಜಗಲಿಯಲ್ಲಿ.

ಅಪ್ಪ ಒಳಗಿದ್ದ ನನಗೂ ಕೇಳುವಷ್ಟು ಜೋರಾಗಿ ಹೇಳಿದರು: “ಹೋಗೋ! ಹೆತ್ತಪ್ಪನ ಕಾಫೀನೇ ಪಾಸ್ ಮಾಡ್ಲಿಲ್ಲ ಅವ್ಳು. ನಿಂದ್ ಮಾಡ್ತಾಳಾ?”