ಕಾವಲಿನ ಕಾವು

ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡುವ ಚಟ ನನಗೆ ಯಾವಾಗ ಹತ್ತಿತೋ ನೆನಪಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಮುಟ್ಟುತ್ತೇನೆ. ಬಿಸಿಯಿದ್ದರೆ ಸುಟ್ಟೀತೆಂದು ಚಿಂತೆ, ತಣ್ಣಗಿದ್ದರೆ ಸತ್ತೇ ಹೋಯಿತೇನೋ ಎಂದು ಚಿಂತೆ. ಬೈಲಹೊಂಗಲದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕುಳಿತು ಮದುವೆಯ ಆಲ್ಬಮ್ಮುಗಳನ್ನು ಸಿಂಗರಿಸಿಕೊಡುವುದು ನನ್ನ ಕಸುಬು. ವಧುವಿನ ಕಣ್ಣೀರಿಗೆ ಹೊಳಪು ಕೊಡುವುದೂ ಬೀಗರ ಹುಬ್ಬಿನ ಗಂಟು ಸಡಿಲಿಸುವುದೂ ಡಬ್ಬಿಯೊಳಗಿನ ಗ್ರಾಫಿಕ್ಸ್ ಕಾರ್ಡಿನ ಪುಣ್ಯ. ಅದರ ಆರೋಗ್ಯವೇ ನಮ್ಮ ಮನೆಯ ಆರೋಗ್ಯ ಎಂದು ನಾನು ನಂಬಿದ್ದರೆ, ಓದುಗ ಮಿತ್ರರೇ, ನಗಬೇಡಿ.

ಈ ಬೇಸಗೆಯಲ್ಲಿ ಅಂಗೈಯ ಮೇಲಿನ ನಂಬಿಕೆಯೂ ಹೋಗಿ, ಕಾರ್ಡಿನ ಮೇಲೆ ಎಷ್ಟು ಭಾರ ಬಿದ್ದಿದೆಯೆಂದು ಪರದೆಯ ಮೂಲೆಯಲ್ಲಿ ಸದಾ ತೋರಿಸುವ ಪುಕ್ಕಟೆ ಪ್ರೋಗ್ರಾಂ ಒಂದನ್ನು ಹಾಕಿಕೊಂಡೆ. ಎಂಥ ಚೆಲುವಾದ ಮೀಟರು ಅಂತೀರಿ! ಗಾಜಿನಂತೆ ಮಿನುಗುವ ಬಿಲ್ಲೆ, ಅದರೊಳಗೆ ನಡುಗುವ ಮುಳ್ಳು, ಮುಳ್ಳಿನ ಹಿಂದೆ ಹೊಳೆಯ ನೀರಿನಂತೆ ತುಳುಕುವ ನೀಲಿ ಬೆಳಕು. ಆದರೆ ಮುಳ್ಳು ತಂದ ಸುದ್ದಿ ಚೆಲುವಾಗಿರಲಿಲ್ಲ. ಒಂದೂ ಚಿತ್ರ ತೆರೆದಿಲ್ಲ, ಮೌಸು ಅಲುಗಿಲ್ಲ, ನಾನು ಚಹಾ ಕುಡಿಯುತ್ತ ಕುಳಿತಿದ್ದೇನೆ. ಕಾರ್ಡು ಮಾತ್ರ ಅರ್ಧಕ್ಕಿಂತ ಹೆಚ್ಚು ಶಕ್ತಿ ಸುರಿದು ಏದುಸಿರು ಬಿಡುತ್ತಿದೆ. ಸುಮ್ಮನಿರುವ ಯಂತ್ರಕ್ಕೆ ಇಷ್ಟೊಂದು ದುಡಿಮೆ ಯಾರದು? ಯಾವುದೋ ದೇಶದ ಕಳ್ಳನೊಬ್ಬ ಒಳಗೆ ಕುಳಿತು ನನ್ನ ಕರೆಂಟಿನಲ್ಲಿ ಡಿಜಿಟಲ್ ನಾಣ್ಯ ಟಂಕಿಸುತ್ತಿದ್ದಾನೆ ಎಂಬಲ್ಲಿಯವರೆಗೆ ನನ್ನ ಕಲ್ಪನೆ ನಡೆದುಹೋಯಿತು.

ಅದೇ ದಿನಗಳಲ್ಲಿ ಮನೆಯ ಇನ್ನೊಂದು ಮೀಟರಿನ ಮೇಲೂ ನನ್ನ ಕಣ್ಣಿತ್ತು. ಅವ್ವನಿಗೆ ಬಿಪಿ ಏರಿ ತಲೆ ತಿರುಗಿತ್ತು. ಡಾಕ್ಟರು ಗುಳಿಗೆ ಬದಲಿಸಿ, ಕೆಲವು ದಿನ ಮನೆಯಲ್ಲೇ ಅಳೆಯಿರಿ, ಹಿಡಿತಕ್ಕೆ ಬಂದರೆ ಮನೋಳಿಗೆ ಹೋಗಿಬರಲಿ ಎಂದಿದ್ದರು. ಮನೋಳಿ ಅವ್ವನ ತವರು. ಅಲ್ಲಿ ಅವಳ ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ತಮ್ಮನಿಗೆ ಹೆಣ್ಣುಮಕ್ಕಳೇ ಇಲ್ಲದ್ದರಿಂದ ಆ ಗೌರವ ಒಂದು ತಲೆಮಾರು ಹಿಂದಕ್ಕೆ ನಡೆದು ಅವ್ವನ ಮಡಿಲಿಗೆ ಬಂದಿತ್ತು. ಹಳೆಯ ಸೀರೆಗಳ ಚೂರು ಕೂಡಿಸಿ ತೊಟ್ಟಿಲಿಗೆಂದು ಪುಟ್ಟ ಕೌದಿ ಹೊಲಿಯುತ್ತ, ಹೆಸರನ್ನು ಯಾರಿಗೂ ಬಿಟ್ಟುಕೊಡದೆ ಬಾಯೊಳಗೇ ಇಟ್ಟುಕೊಂಡು ಕುಳಿತಿದ್ದಳು.

ನಾನು ಬಿಪಿ ಯಂತ್ರದ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತುಬಿಡುತ್ತಿದ್ದೆ.

"ಸುಮ್ನ ಕುಂದರಬೇ, ಮಾತಾಡಬ್ಯಾಡ."

"ಸುಮ್ನ ಕುಂತೇನೋ ಯಪ್ಪಾ. ನೀ ಹಿಂಗ ಪೊಲೀಸರಂಗ ಮಾರಿ ನೋಡಾಕತ್ರ ಎದಿ ತಾನ ಓಡತೈತಿ."

"ನೋಡು, ಮತ್ತ ಏರೇತಿ!"

"ಏರದ ಏನ ಮಾಡೀತು? ನಿನ್ನ ಮಾರಿ ನೋಡಿ ಅದಕ್ಕೂ ಅಂಜಿಕಿ ಬಂದೈತಿ."

ಹಂಗಾದ್ರ ಮನೋಳಿ ಬ್ಯಾಡ ಅಂದೆ. ಅವ್ವ ಕೌದಿಯ ಮೇಲೆ ಕೈಯಾಡಿಸುತ್ತ, "ಇರ್ಲಿ ಬಿಡು, ಬ್ಯಾರೇದವ್ರು ಯಾರರೆ ಹೆಸರಿಡತಾರ," ಅಂದಳು. ಜಗಳ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ಮೆತ್ತಗೆ ಅಂದದ್ದು ಎದೆಗೆ ನಾಟಿತು.

ಆ ಸಂಕಟವನ್ನೆಲ್ಲ ಕಂಪ್ಯೂಟರಿನ ಮೇಲೆ ತೀರಿಸಿಕೊಂಡೆ. ಡಬ್ಬಿ ಬಿಚ್ಚಿ ಬಣ್ಣ ಬಳಿಯುವ ಬ್ರಷ್ಷಿನಿಂದ ಧೂಳು ಕೊಡವಿದೆ, ವೈರಸ್ಸಿಗೆ ಬಲೆ ಹಾಕಿದೆ, ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರನ್ನು ತೆಗೆದು ಹೊಸದಾಗಿ ಕೂರಿಸಿದೆ. ಮುಳ್ಳು ಇಳಿಯಲಿಲ್ಲ. ಧಾರವಾಡದ ಗೆಳೆಯನೊಬ್ಬ ಫೋನಿನಲ್ಲಿ, "ಟಾಸ್ಕ್ ಮ್ಯಾನೇಜರ್ ತಗದು ನೋಡಲೇ, ಕಾರ್ಡ್ ತಿನ್ನೂದ್ಯಾವುದು ಎಲ್ಲಾದಕ್ಕಿಂತ ಮ್ಯಾಲ ಬರತೈತಿ," ಅಂದ. ನೋಡಿದೆ. ಓಡುತ್ತಿರುವ ಪ್ರೋಗ್ರಾಂಗಳ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ನನ್ನ ಮೀಟರಿನದೇ ಹೆಸರು. ಕಾವಲುಗಾರ ಬಾಗಿಲಲ್ಲಿ ನಿಂತಿರುವುದು ಸಹಜವಲ್ಲವೇ ಎಂದು ಅದಕ್ಕೊಂದು ಮನಸ್ಸಿನಲ್ಲೇ ನಮಸ್ಕಾರ ಹಾಕಿ, ಕೆಳಗಿದ್ದ ಬಡಪಾಯಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದೆ.

ಚಹಾದ ಕಪ್ಪು ಒಯ್ಯಲು ಬಂದ ನನ್ನ ಹೆಂಡತಿ ಗಂಗಾ ಬೆನ್ನ ಹಿಂದೆ ನಿಂತು ನೋಡಿದಳು. "ರೀ, ಮ್ಯಾಲಿಂದೊಂದು ಬಿಟ್ಟು ಉಳದದ್ದೆಲ್ಲಾ ತಗದ್ರಿ. ಅದನ್ನ ಮುಟ್ಟಬಾರದಂತ ಆಣಿ ಐತೇನು?"

"ಅದು ಮೀಟರು. ಅದನ್ನ ತಗದ್ರ ಕಡಿಮಿ ಆಗಿದ್ದು ಗೊತ್ತಾಗೂದು ಹ್ಯಾಂಗ?"

"ಫ್ಯಾನಿನ ಸಪ್ಪಳಾ ಕೇಳ್ರಿ. ಕಿವಿ ಇಲ್ಲೇನು?"

ಮೀಟರನ್ನೂ ಮುಚ್ಚಿದೆ. ಡಬ್ಬಿಯೊಳಗಿನ ಫ್ಯಾನು ಒಂದು ನಿಟ್ಟುಸಿರು ಬಿಟ್ಟು ನಿಧಾನವಾಯಿತು. ಟಾಸ್ಕ್ ಮ್ಯಾನೇಜರಿನ ಪಟ್ಟಿಯಲ್ಲಿ ಕಾರ್ಡಿನ ಅಂಕಿ ಸೊನ್ನೆಯ ಹತ್ತಿರಕ್ಕೆ ಜಾರಿತು. ಆ ಗಾಜು, ಆ ಮುಳ್ಳು, ಆ ತುಳುಕುವ ಬೆಳಕು, ಇವನ್ನೆಲ್ಲ ಕ್ಷಣಕ್ಷಣಕ್ಕೂ ಪರದೆಯ ಮೇಲೆ ಹೊಸದಾಗಿ ಬರೆಯಬೇಕಾಗಿದ್ದದ್ದು ಅದೇ ಕಾರ್ಡು. ನಾನು ನೋಡುತ್ತಿದ್ದೆನೆಂದೇ ಅದು ದುಡಿಯುತ್ತಿತ್ತು. ನಿಶ್ಶಬ್ದವಾದ ಮನೆಯಲ್ಲಿ, ಒಳಕೋಣೆಯಿಂದ ಅವ್ವ ಕೌದಿಯ ದಾರ ಎಳೆಯುವ ಸರ್ ಸರ್ ಸದ್ದು ಕೇಳಿಸಿತು. ಗಂಗಾ ನನ್ನನ್ನು ನೋಡಿದಳು, ನಾನು ಗೋಡೆಯ ಗೂಡಿನಲ್ಲಿದ್ದ ಬಿಪಿ ಯಂತ್ರವನ್ನು ನೋಡಿದೆ.

"ನಾಳಿಂದ ಅತ್ತ್ಯಾರ ಬಿಪಿ ನಾ ನೋಡತೇನಿ," ಅಂದಳು. "ನೀವ ಕಟ್ಟಿ ಮ್ಯಾಲ ಕುಂದರ್ರಿ."

ಹೊರಗಟ್ಟೆಯ ಮೇಲೆ ಕುಳಿತ ಆ ಮುಂಜಾವುಗಳಲ್ಲಿ ನಾನು ನನ್ನ ಪ್ರೀತಿಯನ್ನು ಸ್ವಲ್ಪ ವಿಚಾರಣೆಗೆ ಒಳಪಡಿಸಿದೆ. ಕಾಳಜಿಯೆಂಬುದು ದೀಪದಂತೆ, ಬೆಳಕಿನ ಜೊತೆಗೆ ಒಂದಿಷ್ಟು ಶಾಖವನ್ನೂ ಕೊಡುತ್ತದೆ. ಎಷ್ಟು ಹತ್ತಿರ ಹಿಡಿಯಬೇಕೆಂಬುದು ಹಿಡಿದವನಿಗೆ ತಿಳಿಯುವುದಿಲ್ಲ, ಎದುರಿಗೆ ಕುಳಿತವರ ಮುಖಕ್ಕೆ ತಿಳಿಯುತ್ತದೆ. ಒಳಗೆ ಅತ್ತೆ ಸೊಸೆ ಏನೋ ಮಾತಾಡಿ ನಕ್ಕು, ಆಮೇಲೆ ಸುಮ್ಮನಾಗಿ, ಆಮೇಲೆ ಗುಂಡಿ ಒತ್ತುತ್ತಿದ್ದರು. ಅಂಕಿಗಳು ಇಳಿದವು. ಡಾಕ್ಟರೂ ತಾವೇ ಅಳೆದು ನೋಡಿ, ಗುಳಿಗೆ ತಪ್ಪಿಸದಂತೆ ಹೇಳಿ, ಹೋಗಿಬನ್ನಿ ಅಂದರು.

ಮನೋಳಿಗೆಂದು ಸವದತ್ತಿಯ ಕಡೆಗೆ ಹೊರಟ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕುಳಿತಳು, ಅವಳ ಪಕ್ಕ ಗಂಗಾ. "ಫೋನ್ ಮಾಡಬ್ಯಾಡ್ರಿ ಮತ್ತ," ಎಂದು ಗಂಗಾ ಬೆರಳು ತೋರಿಸಿದಳು. ಮಾಡಲಿಲ್ಲ. ಅದಕ್ಕಾಗಿ ನಾನು ಪಟ್ಟ ಪಾಡನ್ನು ಇಲ್ಲಿ ಬಣ್ಣಿಸಿದರೆ ಈ ಪ್ರಬಂಧ ಪುರಾಣವಾದೀತು.

ಮರುದಿನ ತೊಟ್ಟಿಲ ಹೊತ್ತಿಗೆ ಫೋನು ತಾನೇ ಬಡಕೊಂಡಿತು. ಅವ್ವ!

"ಏನ ಆಗೇತೋ ನಿನಗ? ಆರಾಮ ಅದಿಯಿಲ್ಲೋ?"

"ಆರಾಮ ಅದೇನಿ ಬೇ. ಯಾಕ?"

"ನಿನ್ನಿಯಿಂದ ಒಂದ ಫೋನಿಲ್ಲ! ಇಲ್ಲೆ ಎಲ್ಲಾರೂ ಕಾಯಾಕತ್ತಾರ, ನನಗ ಹೆಸರು ಹೇಳಾಕ ಬಾಯಿ ಏಳವಲ್ದು. ನೀ ಖರೇನ ಆರಾಮ ಅದಿ?"

"ಖರೇನ. ನೀ ಹೋಗಿ ಹೇಳು."

"ತಡಿ, ಫೋನ್ ಇಡಬ್ಯಾಡ."

ಬಳೆಗಳ ಸದ್ದು, ಹೆಂಗಸರ ನಗು, ಯಾರೋ ಎಲ್ಲರನ್ನೂ ಸುಮ್ಮನಾಗಿಸಿದ್ದು. ಆಮೇಲೆ ತೀರ ಹತ್ತಿರದಲ್ಲಿ ಅವ್ವನ ಉಸಿರು, ಉಸಿರಿಗಿಂತ ತುಸುವೇ ದೊಡ್ಡದಾದ ಒಂದು ಹೆಸರು. ಮನೋಳಿಯಲ್ಲಿ ನೆರೆದ ಮಂದಿಗೆಲ್ಲ ತಿಳಿಯುವ ಮೊದಲೇ, ಆ ಕೂಸಿನ ಜೊತೆಗೆ ನಾನೂ ಅದನ್ನು ಕೇಳಿಸಿಕೊಂಡೆ.