ಸಾಯದವರ ಚಿತ್ರ ತೆಗೆಯುತ್ತಿದ್ದ ಭರತೇಶ

ಎದುರಿಗೆ ನಿಂತವರು ಮಾತಾಡುವಾಗ ನನ್ನ ತಮ್ಮ ಭರತೇಶ ಅವರ ಕಣ್ಣು ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದ. ಮೂಗು, ಗದ್ದ ಒಬ್ಬರದು ಇನ್ನೊಬ್ಬರಿಗೆ ಹೋಲಬಹುದು, ಕಿವಿ ಮಾತ್ರ ಹೋಲುವುದಿಲ್ಲ ಎಂಬುದು ಅವನ ಲೆಕ್ಕ. ಹಾಲು ಹಾಕಲು ಬರುವ ಹೆಂಗಸು ಒಮ್ಮೆ ತನ್ನ ಬೆಂಡೋಲೆ ಮುಟ್ಟಿ ನೋಡಿಕೊಂಡು, "ಯವ್ವಾ, ನಿನ್ನ ತಮ್ಮನ ನದರು ನನ್ನ ಬಂಗಾರದ ಮ್ಯಾಗ ಐತಿ ನೋಡ" ಎಂದಳು. ನಾನು ನಕ್ಕೆ. ಆದರೆ ಅಂದಿನಿಂದ ಅವನ ನದರಿನ ಮೇಲೆ ನನ್ನದೂ ಒಂದು ಕಣ್ಣು ಇತ್ತು. ನನ್ನ ಸ್ವಭಾವವೇ ಅಂಥದು. ಮುಚ್ಚಿದ ಡಬ್ಬಿ ಕಂಡರೆ ಒಳಗೆ ಕೆಟ್ಟದ್ದೇ ಇದೆ ಅನ್ನಿಸುತ್ತದೆ.

ನಮ್ಮೂರು ಅಂಕಲಿ. ಅಪ್ಪ ತೀರಿದ ವರ್ಷ ನಾನು ಐದನೆಯ ಇಯತ್ತೆಗೆ ಸಾಲೆ ಬಿಟ್ಟೆ, ಭರತೇಶನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದೆ. ದೊಡ್ಡವನಾಗಿ ಅವನು ಚಿಕ್ಕೋಡಿಯ ಒಂದು ರೇಡಿಯಂ ಅಂಗಡಿಗೆ ಸೇರಿದ. ಬೈಕಿನ ನಂಬರು, ಟ್ರ್ಯಾಕ್ಟರಿನ ಮೇಲೆ ಮಕ್ಕಳ ಹೆಸರು, ಕಬ್ಬಿನ ಟ್ರಾಲಿಯ ಹಿಂದೆ ಹುಲಿ ಕತ್ತರಿಸಿ ಅಂಟಿಸುವ ಕೆಲಸ. ಅವನ ಹುಲಿಗಳ ಬಾಯಿ ಮುಚ್ಚಿಯೇ ಇರುತ್ತಿತ್ತು. ಬಾಯಿ ತೆರೆಸಪ್ಪ ಎಂದು ಗಿರಾಕಿ ಕೇಳಿದರೆ, "ಹೊಟ್ಟಿ ತುಂಬಿದ ಹುಲಿ ಬಾಯಿ ತೆರಿಯಂಗಿಲ್ರಿ. ನಿಮ್ಮ ಟ್ರಾಲಿ ಯಾವಾಗಲೂ ತುಂಬೇ ಇರಲಿ ಅಂತ ಮುಚ್ಚೀನಿ" ಎನ್ನುತ್ತಿದ್ದ. ಗಿರಾಕಿ ಖುಷಿಯಾಗಿ ಹೋಗುತ್ತಿದ್ದ.

ಅವನಿಗಿದ್ದ ಹುಚ್ಚು ಬೇರೆ. ಜಪಾನಿನ ಚಿತ್ರಕತೆಗಳು, ಅವಕ್ಕೆ ಮಂಗಾ ಅನ್ನುತ್ತಾರಂತೆ. ಮೊಬೈಲಿನಲ್ಲಿ ಓದುತ್ತಿದ್ದ. ಅವುಗಳಲ್ಲೊಂದು, ಎಷ್ಟು ಕಡಿದರೂ ಸಾಯದ ಕಟ್ಟಾಳುಗಳ ಕತೆ. ನಾನು ಶೇಂಗಾ ಒಡೆಯುತ್ತ ಕೂತರೆ ಮಗ್ಗುಲಿಗೆ ಬಂದು ಅದನ್ನು ಹೇಳುತ್ತಿದ್ದ. ಆ ಸರಣಿ ಮುಗಿದ ದಿನ ಮೋರೆ ಸಣ್ಣದು ಮಾಡಿಕೊಂಡು ಕೂತ.

"ಸಾಯದವರ ಕತಿ ಮುಗೀತು ಅಂದ್ರ ಹೆಂಗ ಅಕ್ಕಾ? ಅವರು ಎಲ್ಲಿಗರ ಹೋಗಬೇಕಲ್ಲ?"

"ಎಲ್ಲಿಗರ ಹೋಗಲಿ. ಹೊತ್ತ ಮುಳಗಾಕತ್ತೈತಿ, ನೀ ಮೊದಲ ಉಣ್ಣ."

"ಇಲ್ಲಿಗೇ ಕರಸ್ತೀನಿ ತಡಿ" ಎಂದ.

ಹಾಗೆ ಆ ಕತೆಯ ಮುಂದಿನ ಸರಣಿಯನ್ನು ಅವನೇ ಶುರು ಮಾಡಿದ. ಆ ಕಟ್ಟಾಳುಗಳು ಊರೂರು ಅಲೆದು ಕೊನೆಗೆ ನಮ್ಮ ಕೃಷ್ಣೆಯ ದಂಡೆಗೆ, ಕಬ್ಬಿನ ಹೊಲಕ್ಕೆ ಬಂದು ಇಳಿಯುತ್ತಾರೆ. ಕಂತು ಕಂತಾಗಿ ಚಿತ್ರ ತೆಗೆದು ಮೊಬೈಲಿನಲ್ಲಿ ಹಾಕುತ್ತಿದ್ದ. ಎಲ್ಲೆಲ್ಲಿಯವರೋ ಓದುತ್ತಿದ್ದರು. ಕತೆಯೊಳಗಿನ ಮುಖಗಳೆಲ್ಲ ನಮ್ಮೂರಿನವು. ಜಪಾನಿನ ಪದ್ಧತಿಯಂತೆ ಬಲಗಡೆಯಿಂದ ಎಡಕ್ಕೆ ನೋಡುತ್ತ ಹೋಗಬೇಕು. ಬೆರಳಿಟ್ಟು ನನಗೂ ತೋರಿಸಿದ್ದ. ಹೊಡೆತದ ಸಪ್ಪಳವನ್ನು ಮಾತ್ರ ಅವರದೇ ಅಕ್ಷರದಲ್ಲಿ ಬರೆಯುತ್ತಿದ್ದ. ಕನ್ನಡದಾಗ ಧಪ್ ಅಂತ ಬರೀಬಾರದೇನೋ ಎಂದರೆ, "ನಮ್ಮ ಅಕ್ಷರ ಭಾಳ ದುಂಡಗ ಅದಾವ ಅಕ್ಕಾ, ಪೆಟ್ಟ ಹತ್ತಂಗಿಲ್ಲ" ಎನ್ನುತ್ತಿದ್ದ.

ಅವ್ವನಿಗೆ ಇದು ಸೇರುತ್ತಿರಲಿಲ್ಲ. ನಮ್ಮದು ಜೈನರ ಮನೆ. ಹಬ್ಬಕ್ಕೆ ಯಾರಾದರೂ ಸಕ್ಕರೆಯ ಕುದುರೆ, ಹರಿಣ ಕೊಟ್ಟರೆ ಅವ್ವ ನಮಗೆ ಕಚ್ಚಲು ಬಿಟ್ಟವಳಲ್ಲ. ಸಕ್ಕರೆಯದೇ ಆದರೂ ಕುದುರೆ ಅಂದುಕೊಂಡು ಕುತ್ತಿಗೆ ಮುರಿದರೆ ಪಾಪ ಹತ್ತುತ್ತದೆ ಎಂದು ನೀರಿನಲ್ಲಿ ಕರಗಿಸಿ ಪಾನಕ ಮಾಡಿ ಕೊಡುತ್ತಿದ್ದಳು. "ಅವ್ವಾ, ಕುದರಿನ ಮುಳಗಿಸಿ ಕೊಂದಿ ನೋಡ" ಎಂದು ಸಣ್ಣ ಭರತೇಶ ಕಾಡುತ್ತಿದ್ದ. ಅಂಥ ಅವ್ವ, ಹಾಳೆಯ ಮೇಲೆ ಕೈ ಕಾಲು ಕಡಿದು ಬಿದ್ದಿರುವುದನ್ನು ನೋಡಿ, "ಕಾಗದದ ಮ್ಯಾಗ ಕಡದರೂ ಕಡದಂಗನ ಮಗಾ" ಎಂದು ಕಣ್ಣೀರು ತೆಗೆಯುತ್ತಿದ್ದಳು. ಅವಳ ಆ ಮಾತು ಅವನಿಗೆ ನಾಟಲಿಲ್ಲ, ನನಗೆ ನಾಟಿತು.

ಪಕ್ಕದ ಮನೆ ಅಣ್ಣಾಸಾಬ ಕಾಕಾನದು, ಅಪ್ಪನ ತಮ್ಮ. ಹರೆಯದಲ್ಲಿ ಕುಸ್ತಿ ಹಿಡಿದವನು. ಕಿವಿ ಎರಡೂ ಜಜ್ಜಿ ಮುದ್ದೆಯಾಗಿದ್ದವು. ಬಾವಿ ನೀರಿನ ಪಾಳಿಗೆ ಜಗಳವಾಗಿ ನಮಗೂ ಅವರಿಗೂ ಮಾತು ಬಿಟ್ಟಿತ್ತು. ಭರತೇಶ ಮಾತ್ರ ಎರಡೂ ಮನೆಯ ಮಗನಂತೆ ಓಡಾಡುತ್ತಿದ್ದ. ಅಲ್ಲಿ ಏನು ತಿಂದ, ಏನು ಮಾತಾಡಿದ ಎಂದು ನಾನು ಕೆದಕಿ ಕೇಳುತ್ತಿದ್ದೆ. "ನೀ ಪೊಲೀಸ್ನ್ಯಾಗ ಇರಬೇಕಿತ್ತ ಬೇ" ಎಂದು ನಗುತ್ತಿದ್ದ.

ಆಮೇಲೆ ಕಾಕಾನ ಕಿಡ್ನಿ ಕೆಟ್ಟಿತು. ಮಿರಜಿಗೆ ಹೋಗಿ ರಕ್ತ ತೊಳೆಸಿಕೊಂಡು ಬರುವುದು ಶುರುವಾಯಿತು. ಸೂಜಿ ಚುಚ್ಚಿ ಚುಚ್ಚಿ ಎಡಗೈ ಬಾತು ಹೋಯಿತು. ಅದೇ ದಿನಗಳಲ್ಲಿ ಹಾಸಿಗೆ ಝಾಡಿಸುವಾಗ ಭರತೇಶನ ಗಾದಿಯ ಕೆಳಗೆ ನನಗೊಂದು ಹಾಳೆ ಸಿಕ್ಕಿತು. ಮುದ್ದೆಯಾದ ಆ ಕಿವಿಯಿಂದಲೇ ಗುರುತು ಹಿಡಿದೆ. ಕಾಕಾ! ಮೊದಲ ಚಿತ್ರದಲ್ಲಿ ಗಟ್ಟಿಮುಟ್ಟಾಗಿ ನಿಂತಿದ್ದಾನೆ. ಎರಡನೆಯದರಲ್ಲಿ ಎಡಗೈ ಸೀಳುತ್ತಿದೆ. ಮೂರನೆಯದರಲ್ಲಿ ಕೈ ನೆಲಕ್ಕೆ ಬಿದ್ದಿದೆ. ಸುತ್ತಲೂ ಮುಳ್ಳಿನಂಥ ಕಪ್ಪು ಅಕ್ಷರ.

ಕರಣಿ, ಅಂದುಕೊಂಡೆ. ಮಾಟ. ಅವನನ್ನು ಕೇಳಲಿಲ್ಲ. ಎರಡು ದಿನ ಸುಮ್ಮನೆ ಕಾದು ನೋಡಿದೆ. ಅವನು ನಕ್ಕರೆ ಯಾಕೆ ನಕ್ಕ, ಕಾಕಾನ ಮನೆಗೆ ಹೋದರೆ ಯಾಕೆ ಹೋದ ಎಂದು ತೂಗಿದೆ. ಮೂರನೆಯ ದಿನ, ವರ್ಷದಿಂದ ಮಾತು ಬಿಟ್ಟ ಸುನಂದಾ ಕಾಕಿಯ ಅಡುಗೆಮನೆಗೆ ಹೋಗಿ ಆ ಹಾಳೆ ಕೈಗಿಟ್ಟೆ. ಕಾಕಾ ಉಳಿಯಲಿ ಎಂದೇ ಕೊಟ್ಟೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ.

ಸಂಜೆ ಭರತೇಶ ಚಿಕ್ಕೋಡಿಯ ಬಸ್ಸು ಇಳಿದು ಬಂದಾಗ ಓಣಿ ತುಂಬ ಮಂದಿ.

"ಉಂಡ ಮನಿಗೇ ಕರಣಿ ಮಾಡಿದೇನ್ಲೇ?" ಕಾಕಿ ಹಾಳೆಯನ್ನು ಅವನ ಮೋರೆಗೆ ಹಿಡಿದಳು.

ಅವನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಬೆರಳು ಹಾಳೆಯ ಬಲ ಅಂಚಿಗೆ ಹೋಯಿತು.

"ಕಾಕಿ, ಎಡಕ್ಕಿಂದ ಅಲ್ಲ, ಬಲಕ್ಕಿಂದ ನೋಡ. ಮೊದಲ ಕೈ ಬಿದ್ದೈತಿ. ಆಮ್ಯಾಲ ಕೂಡಾಕತ್ತೈತಿ. ಇಲ್ಲಿ ನೋಡ, ಪೂರಾ ಕೂಡಿ ಎದ್ದ ನಿಂತಾನ. ಕಾಕಾಗ ಸಾವ ಇಲ್ಲ ಇದರಾಗ. ಅದಕ್ಕನ ತಗದೀನಿ."

"ಯಾವ ಕಡಿಂದ ನೋಡಿದರೂ ಕೈ ಕಡದೈತಿ!"

"ಅಕ್ಕಾಗ ಗೊತ್ತೈತಿ" ಎಂದು ಅವನು ನನ್ನ ಕಡೆ ತಿರುಗಿದ. "ಅಕ್ಕಾ, ಹೆಂಗ ಓದೂದಂತ ನಿನಗ ತೋರಸಿನಿ. ಹೇಳ ಇವರಿಗೆ."

ಅವನ ಬೆರಳು ಬಲಕ್ಕೆ ಹೋದ ಗಳಿಗೆಯಲ್ಲೇ ನನಗೆ ಎಲ್ಲ ತಿಳಿದಿತ್ತು. ಹೌದು ಅಂದರೆ, ಹಾಳೆ ಹೊತ್ತು ತಂದವಳು ಯಾರು ಎಂಬ ಮಾತು ಬರುತ್ತಿತ್ತು. ಓಣಿಯ ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು.

"ನನಗೇನ ತಿಳೀತೈತಿ ಅದು? ನಾ ಓದಿದಾಕಿ ಅಲ್ಲ" ಎಂದೆ.

ಮಾಡಿದ ಸಂಶಯಕ್ಕಿಂತ ಈ ಒಂದು ಮಾತು ನನ್ನನ್ನು ಹೆಚ್ಚು ಸುಡುತ್ತದೆ. ಮಂದಿ ತಮ್ಮ ಟ್ರಾಲಿಗಳ ಮೇಲಿನ ಅವನ ಹುಲಿಗಳನ್ನು ಬ್ಲೇಡಿನಿಂದ ಕೆರೆದು ತೆಗೆದರು. ಚಿಕ್ಕೋಡಿಯ ಅಂಗಡಿಗೂ ಸುದ್ದಿ ಮುಟ್ಟಿತು. ಅವನು ಊರು ಬಿಟ್ಟು ಇಚಲಕರಂಜಿಗೆ ದುಡಿಯಲು ಹೋದ.

ಒಮ್ಮೆ ಕಾಕಿ ಇಲ್ಲದಾಗ ಕಾಕಾನನ್ನು ಮಾತಾಡಿಸಲು ಹೋದೆ. ಆ ಸಂಜೆ ಅವನು ಮಿರಜಿನಲ್ಲಿದ್ದ, ಓಣಿಯಲ್ಲಿ ನಡೆದದ್ದನ್ನು ಕಾಕಿ ಅವನಿಗೆ ತಿಳಿಯಗೊಟ್ಟಿರಲಿಲ್ಲ. ಹೊರಸಿನ ಮೇಲಿಂದಲೇ, "ಹುಡಗ ಯಾಕ ಬರವಲ್ಲ?" ಎಂದ. "ತಾಸಗಟ್ಲೆ ಅಳ್ಳಾಡದ ಕುಂತೀನಿ ಆ ಚಿತ್ರಕ್ಕ. ಮುಂದ ನನ್ನ ಕುಸ್ತಿ ಯಾರ ಜೋಡಿ ಇಟ್ಟಾನ ಕೇಳ ಅಂವಗ." ಕೆಲಸ ಭಾಳ ಐತಂತ ಎಂದು ಹೇಳಿ ಎದ್ದು ಬಂದೆ. ಮುಂದಿನ ಕಂತು ನೋಡದೆಯೇ ಕಾಕಾ ಹೋದ. ದಹನಕ್ಕೆ ಭರತೇಶನನ್ನು ಕಾಕಿ ಬರಗೊಡಲಿಲ್ಲ.

ಆದರೂ ಅವನು ಸರಣಿ ಬಿಟ್ಟಿರಲಿಲ್ಲ. ನಾನೂ ಮೊಬೈಲಿನಲ್ಲಿ ಬಲದಿಂದ ಎಡಕ್ಕೆ ನೋಡುವುದನ್ನು ರೂಢಿ ಮಾಡಿಕೊಂಡೆ. ಹಾಲಿನ ಹೆಂಗಸು ಅದರಲ್ಲಿದ್ದಳು, ಅವ್ವ ಇದ್ದಳು, ಸುನಂದಾ ಕಾಕಿ ಕೂಡ ಕತ್ತಿ ಹಿಡಿದು ನಿಂತಿದ್ದಳು. ನಾನು ಇರಲಿಲ್ಲ. ವೈರಿಗಳ ಗುಂಪಿನಲ್ಲೂ ಹುಡುಕಿದೆ.

ಹೋದ ಚಳಿಗಾಲದಲ್ಲಿ ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ನಾನೇ ಬರಹೇಳಿದ್ದೆ. ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆ, ನಿಂತೇ ತಿಂದ. ಓಣಿಯ ಆ ಸಂಜೆಯ ಮಾತು ಎತ್ತಲು ನನ್ನಿಂದ ಆಗಲಿಲ್ಲ. ಅದರ ಬದಲು, "ಊರ ಮಂದಿನೆಲ್ಲಾ ತಗದಿ, ನನ್ನ ಯಾಕ ತಗದಿಲ್ಲ? ಸಿಟ್ಟೇನು?" ಎಂದೆ.

"ಸಿಟ್ಟಲ್ಲ ಅಕ್ಕಾ. ಸುರು ಮಾಡಿದ್ದೆ, ಅರ್ಧಾ ಆಗಿತ್ತು. ಆವತ್ತ ಜ್ವರಾ ಬಂದಾವಂತ ನೀ ಫೋನ್ ಮಾಡಿದಿ. ಕಾಕಾನ ತಗದಿದ್ದೆ, ಕಾಕಾ ಹೋದ. ನನ್ನ ಕೈ ಮ್ಯಾಲ ನನಗ ಸಂಶೆ ಬಂತು."

"ಬರೇ ನೆಗಡಿ ಇತ್ತಲ್ಲೋ ಅದು."

"ಗೊತ್ತೈತಿ" ಎಂದ. ಕೈ ಒರೆಸಿಕೊಂಡು ಬಸ್ಸು ಹತ್ತಿದ.

ಅವನ ಸರಣಿ ನನ್ನ ಆ ಅರ್ಧ ಚಿತ್ರಕ್ಕೇ ನಿಂತಿದೆ.